ಖಾಲಿ ಕುರ್ಚಿಯ ಕಣ್ಣು ಪರೀಕ್ಷೆ

ಕೆಲಸಕ್ಕೆ ಸೇರಿದ ಮೊದಲ ದಿನ ಎಲ್ಲರಿಗೂ ಏನಾದರೊಂದು ಭಯ ಇದ್ದೇ ಇರುತ್ತದೆ. ಕೆಲವರಿಗೆ ಸಾಹೇಬರ ಭಯ, ಕೆಲವರಿಗೆ ಕಂಪ್ಯೂಟರಿನ ಭಯ. ನನ್ನ ಗೆಳೆಯನೊಬ್ಬನಿಗೆ ಮಧ್ಯಾಹ್ನದ ಬುತ್ತಿಯನ್ನು ಯಾರ ಎದುರು ಬಿಚ್ಚಬೇಕೆಂಬ ಭಯ. ನನ್ನದು ಇವು ಯಾವುವೂ ಅಲ್ಲ. ಹೇಳಿದರೆ ನೀವು ನಗುತ್ತೀರಿ. ನಗಿರಿ, ಅಡ್ಡಿಯಿಲ್ಲ. ಆ ದಿನ ನಾನೂ ನಗಲು ನೋಡಿದ್ದೆ. ತುಟಿ ಒಣಗಿ ಹಲ್ಲಿಗೆ ಅಂಟಿಕೊಂಡಿತ್ತು.

ನಾನು ಓದಿದ್ದು ಆಪ್ಟೊಮೆಟ್ರಿ. ಅಂದರೆ ಕಣ್ಣು ಪರೀಕ್ಷಿಸಿ ಯಾವ ನಂಬರಿನ ಚಾಳೀಸು ಬೇಕೆಂದು ಹೇಳುವ ವಿದ್ಯೆ. ಆ ಹೆಸರು ನಮ್ಮ ಚಿಕ್ಕೇರೂರಿನಲ್ಲಿ ಯಾರ ನಾಲಿಗೆಗೂ ಹೊರಳಲಿಲ್ಲ. ಅವ್ವ ಬೀಗರ ಮುಂದೆ ನನ್ನನ್ನು ‘ಕಣ್ಣಿನ ಡಾಕ್ಟರ್’ ಮಾಡಿಬಿಟ್ಟಿದ್ದಳು. ಅಪ್ಪ ಮಾತ್ರ ಯಾರು ಕೇಳಿದರೂ ‘ಚಾಳೀಸಿನ ಕೆಲಸ’ ಎಂದು ಅಲ್ಲಿಗೆ ಮಾತು ಮುಗಿಸುತ್ತಿದ್ದ. ಓದು ಮುಗಿದ ಮೇಲೆ ಹಾನಗಲ್ಲಿಗೆ ಹೋದೆ, ಶಿಗ್ಗಾವಿಗೆ ಹೋದೆ. ಎಲ್ಲ ಕಡೆ ಅನುಭವ ಐತೇನು ಎಂದರು. ನನಗಿದ್ದ ಅನುಭವವೆಂದರೆ ಮನೆಯ ಕಟ್ಟೆಯ ಮೇಲೆ ಕೂತು ಓಣಿಯ ಹಿರಿಯರ ಚಾಳೀಸಿನ ಸಡಿಲ ಸ್ಕ್ರೂ ಬಿಗಿ ಮಾಡಿಕೊಟ್ಟದ್ದು. ಕೊನೆಗೆ ಸವಣೂರಿನ ಹಿರಿಯ ಕಣ್ಣಿನ ಡಾಕ್ಟರೊಬ್ಬರು, ಸದಾ ಬಾಯಿ ತುಂಬ ಎಲೆ ಅಡಿಕೆ ಇಟ್ಟುಕೊಂಡೇ ಮಾತಾಡುವವರು, ಒಂದು ತಿಂಗಳು ನೋಡೋಣ, ಸರಿ ಬಂದರೆ ಇರು ಎಂದರು. ಈ ಸಲ ತಿರುಗಿ ಬಂದರೆ ಅಕ್ಕಿಆಲೂರಿನ ಸೋದರಮಾವನ ಅಕ್ಕಿ ಗಿರಣಿಯೇ ಗತಿ ಎಂದು ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಹೇಳಿ ಕಳಿಸಿದ. ಆ ಮಾವನ ಜೊತೆ ಒಂದು ಮದುವೆಯ ಊಟಕ್ಕೆ ಕೂರುವುದೇ ಕಷ್ಟ, ಇನ್ನು ಜನ್ಮವಿಡೀ ಕೂರುವುದು ಹೇಗೆ!

ಮೊದಲ ದಿನವೇ ಡಾಕ್ಟರು ಯಾವುದೋ ಹಳ್ಳಿಯ ಶಿಬಿರಕ್ಕೆ ಹೊರಟರು. ಬಂದವರ ಕಣ್ಣು ಪರೀಕ್ಷೆ ಮಾಡು, ಯಾರನ್ನೂ ಹಾಗೇ ತಿರುಗಿ ಕಳಿಸಬೇಡ ಎಂದು ಹೇಳಿ ಹೋದರು. ಆಸ್ಪತ್ರೆಯಲ್ಲಿ ಉಳಿದವರು ನಾನು ಮತ್ತು ಬಾಗಿಲ ಬಳಿ ಹೆಸರು ಬರೆದುಕೊಳ್ಳುವ ಶಾರದಕ್ಕ, ಇಬ್ಬರೇ.

ನನ್ನ ಮೊದಲ ಗಿರಾಕಿಯಾಗಿ ಬಂದವಳು ಖಾಸೀಂಬಿ ಎಂಬ ಮುದುಕಿ. ತೊಳೆದು ತೊಳೆದು ತೆಳ್ಳಗಾದ ಬಿಳಿ ಸೀರೆ, ಎರಡೂ ಕಣ್ಣಲ್ಲಿ ಪೊರೆಯ ಬಿಳುಪು, ಕೈಯಲ್ಲಿ ಗಂಡಸರ ಹಳೆಯ ಚಾಳೀಸು. ಬಂದವಳು ಪರೀಕ್ಷೆಯ ಕುರ್ಚಿಯಲ್ಲಿ ಕೂರದೆ ಅದರ ಪಕ್ಕ ನಿಂತಳು. ಕೂರಲು ಹೇಳಿದರೆ, ಕಣ್ಣಿನ ತೊಂದರೆ ತನ್ನದಲ್ಲ ಎಂದಳು.

“ನಮ್ಮನಿಯವ್ರಿಗೆ ಹತ್ತಿರದ್ದು ಕಾಣವಲ್ದ್ರಿ. ಸೂಜ್ಯಾಗ ದಾರ ಪೋಣಸಾಕ ಆಗವಲ್ದು. ಹೊಲಿಗಿ ಸೊಟ್ಟ ಬೀಳಾಕತ್ತಾವು.”

“ಹಂಗಾದ್ರ ಅವರನ್ನ ಕರಕೊಂಡು ಬರ್ರಿ ಅಮ್ಮಾ.”

“ಕುಂತಾರಲ್ಲ,” ಎಂದಳು ಖಾಸೀಂಬಿ.

ಕುರ್ಚಿ ಖಾಲಿ ಇತ್ತು. ನಾನು ಒಂದು ನಿಮಿಷ ಎಂದು ಹೇಳಿ ಹೊರಗೆ ಬಂದು ಶಾರದಕ್ಕನನ್ನು ಕೇಳಿದೆ. ಅವರು ತಲೆ ಎತ್ತದೆ ವಿವರ ಹೇಳಿದರು. ಖಾಸೀಂಬಿಯ ಗಂಡ ಊರಿಗೇ ಹೆಸರಾದ ದರ್ಜಿ, ಈ ಆಸ್ಪತ್ರೆಯ ಹಳೆಯ ಗಿರಾಕಿ. ತೀರಿಕೊಂಡು ವರ್ಷವಾಯಿತು. “ಹಂಗಂತ ವಾಪಸ್ ಕಳಸಬ್ಯಾಡ್ರಿ,” ಎಂದರು ಶಾರದಕ್ಕ, “ಭಾಳ ಒಳ್ಳೆ ಮನಶ್ಯಾ.”

ಕಾಲೇಜಿನಲ್ಲಿ ನಮಗೆ ಬಹಳ ಕಲಿಸಿದ್ದರು. ಅಳುವ ಕೂಸಿನ ಕಣ್ಣು ಪರೀಕ್ಷಿಸುವುದು, ಕಿವಿ ಕೇಳದವರಿಗೆ ಸನ್ನೆಯಲ್ಲಿ ಹೇಳುವುದು, ಸುಳ್ಳು ಹೇಳುವವರನ್ನು ಹಿಡಿಯುವುದು. ಕುರ್ಚಿಯಲ್ಲಿ ಇಲ್ಲದವರ ಪಾಠ ಮಾತ್ರ ಬಿಟ್ಟುಹೋಗಿತ್ತು. ಮುದುಕಿಯ ಸಮಾಧಾನಕ್ಕೆ ಸ್ವಲ್ಪ ನಾಟಕ ಮಾಡಿ ಕಳಿಸಿದರಾಯಿತು ಎಂದುಕೊಂಡೆ. ಹಳೆಯ ಚಾಳೀಸಿನ ನಂಬರು ನೋಡಿ, ಪರೀಕ್ಷೆಯ ಫ್ರೇಮಿಗೆ ಅದೇ ಗಾಜು ಹಾಕಿ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಕುರ್ಚಿಯ ಮುಂದೆ ಗಾಳಿಯಲ್ಲಿ ಹಿಡಿದಳು. ಸ್ವಲ್ಪ ಕೆಳಗೆ ಹಿಡಿಯಿರಿ ಎಂದೆ. ಇಲ್ಲ, ಅವರು ಎತ್ತರದವರು ಎಂದಳು. ಎತ್ತರದವರಂತೆ! ನಾನು ಕ್ಷಮಿಸಿ ಎಂದುಬಿಟ್ಟೆ. ಯಾರಿಗೆ ಎಂದೆನೋ ದೇವರೇ ಬಲ್ಲ.

ಆಮೇಲೆ ಸಣ್ಣ ಅಕ್ಷರಗಳ ಕಾರ್ಡನ್ನು ಕುರ್ಚಿಯ ಕಡೆಗೆ ಮುಖ ಮಾಡಿ ಹಿಡಿದೆ. ನನಗೆ ಓದಾಕ ಬರೆಂಗಿಲ್ಲ ಎಂದು ಖಾಸೀಂಬಿ ಮೊದಲೇ ಹೇಳಿದ್ದಳು. ಬರುತ್ತಿದ್ದರೂ ಅವಳಿಗೆ ಕಾಣುತ್ತಿದ್ದುದು ಕಾರ್ಡಿನ ಬಿಳಿ ಬೆನ್ನು ಮಾತ್ರ. ಅವಳು ಕುರ್ಚಿಯ ಕಡೆ ಕಿವಿಯನ್ನು ವಾಲಿಸಿದಳು.

“ಬಾವಿ ಹತ್ರ ಬಿಳೆ ಆಕಳ ನಿಂತೈತಂತ,” ಎಂದಳು. “ಅದರ ಕೆಳಗಿಂದು ಮಸಕ ಅಂತ.”

ಕಾರ್ಡು ತಿರುಗಿಸಿ ನೋಡಿದೆ. ಬಾವಿಯ ಹತ್ತಿರ ಬಿಳಿ ಆಕಳು ನಿಂತಿದೆ ಎಂದೇ ಇತ್ತು. ಫ್ಯಾನು ತಿರುಗುತ್ತಲೇ ಇತ್ತು, ಹೊರಗೆ ಸೊಪ್ಪು ಮಾರುವವಳು ಕೂಗುತ್ತಲೇ ಇದ್ದಳು. ನನಗೆ ಮಾತ್ರ ಓಡಿಹೋಗುವ ಮನಸ್ಸಾಯಿತು. ಓಡಿದರೆ ಅಕ್ಕಿ ಗಿರಣಿ. ಗಾಜು ಬದಲಾಯಿಸಿದೆ. ಕೆಳಗಿನ ಸಾಲಿನಲ್ಲಿ ಅಜ್ಜ ಕಟ್ಟೆಯ ಮೇಲೆ ಕೂತು ದಾರಿ ನೋಡುತ್ತಿದ್ದ. ಅವಳು ಅದನ್ನೂ ಹೇಳಿದಳು. ಇನ್ನೊಂದು ಗಾಜು ಹಾಕಿ, “ಈಗ ಹೆಂಗ ಐತ್ರಿ?” ಎಂದು ಕೇಳುವಾಗ ನಾನು ಮುದುಕಿಯ ಕಡೆ ನೋಡುತ್ತಿರಲಿಲ್ಲ, ಕುರ್ಚಿಯ ಕಡೆ ನೋಡುತ್ತಿದ್ದೆ. ಚಲೋ ಕಾಣತೈತಂತ ಎಂದಳು. ನಂಬರು ಬರೆದುಕೊಟ್ಟೆ. ಅಕ್ಷರ ಸೊಟ್ಟಗೆ ಬಿದ್ದವು.

ಸಂಜೆ ಡಾಕ್ಟರು ಬಂದು ಎಲ್ಲ ಕೇಳಿ ನಕ್ಕರು. ಗಂಡ ಇಲ್ಲಿ ಕೂತು ಆ ಕಾರ್ಡು ಓದುವುದನ್ನು ಅವಳು ಎಷ್ಟೋ ವರ್ಷ ಪಕ್ಕದಲ್ಲಿ ನಿಂತು ಕೇಳಿದ್ದಾಳೆ, ಬಾಯಿಪಾಠ ಆಗಿರುತ್ತದೆ ಎಂದರು. ಸರಿಯಾದ ಮಾತು. ನಾನೂ ತಲೆ ಅಲ್ಲಾಡಿಸಿದೆ. ಆದರೆ ನಾನು ಹಿಡಿದದ್ದು ಆಸ್ಪತ್ರೆಯ ಕಾರ್ಡಲ್ಲ. ಆಸ್ಪತ್ರೆಯದು ಎಣ್ಣೆಗೈ ತಾಗಿ ಕಪ್ಪಾಗಿತ್ತೆಂದು, ಕಾಲೇಜಿನಿಂದ ತಂದ ನನ್ನದೇ ಹೊಸ ಕಾರ್ಡನ್ನು ಚೀಲದಿಂದ ತೆಗೆದಿದ್ದೆ. ಸವಣೂರಿನಲ್ಲಿ ಅದನ್ನು ಅಂದಿನವರೆಗೆ ಯಾರೂ ನೋಡಿರಲಿಲ್ಲ. ಇದನ್ನು ಡಾಕ್ಟರಿಗೆ ಹೇಳಲಿಲ್ಲ. ಹೇಳಿದ್ದರೆ ಅವರು ನನ್ನ ಕಣ್ಣನ್ನಲ್ಲ, ತಲೆಯನ್ನು ಪರೀಕ್ಷೆಗೆ ಕಳಿಸುತ್ತಿದ್ದರು.

ಹೊಸ ಚಾಳೀಸು ಒಯ್ದ ಕೆಲವು ದಿನಕ್ಕೆ ಖಾಸೀಂಬಿ ಮತ್ತೆ ಬಂದಳು. ಚಾಳೀಸು ಸರಿ ಬಂದಿಲ್ಲವೇನೋ ಎಂದುಕೊಂಡೆ. ಅವಳು ಪೇಪರಿನಲ್ಲಿ ಸುತ್ತಿದ ಒಂದು ಗಂಟನ್ನು ಮೇಜಿನ ಮೇಲಿಟ್ಟಳು. ಒಳಗೆ ಡಾಕ್ಟರುಗಳು ಹಾಕುವಂಥ ಬಿಳಿ ಕೋಟು. ಹಾಕಿಕೊಂಡೆ. ನನ್ನ ಬಲಭುಜ ಎಡಭುಜಕ್ಕಿಂತ ಸ್ವಲ್ಪ ಕೆಳಗಿದೆ. ಹೆತ್ತವ್ವನೂ ಗಮನಿಸಿರದ ಆ ಡೊಂಕನ್ನು ಕೋಟು ಗಮನಿಸಿತ್ತು. ಅಳತೆಯೇ ತೆಗೆದುಕೊಂಡಿಲ್ಲವಲ್ಲ ಎಂದೆ.

“ಅಳತಿ ಯಾಕ ಬೇಕು,” ಎಂದಳು ಖಾಸೀಂಬಿ. “ಅವತ್ತು ಅಷ್ಟೊತ್ತು ನಿಮ್ಮನ್ನ ನೋಡ್ಯಾರಲ್ಲ.”

ಅವಳೇ ಹೊಲಿದಿರುತ್ತಾಳೆ, ದರ್ಜಿಯ ಹೆಂಡತಿಗೆ ಹೊಲಿಯಲು ಬಾರದೇ ಎಂದರು ಡಾಕ್ಟರು. ಇರಬಹುದು. ಅವಳ ಕಣ್ಣಿಗೆ ಪೊರೆ ಬಂದಿತ್ತು ಎಂಬುದನ್ನು ಅವರಿಗೆ ನೆನಪಿಸುವ ಗೊಡವೆಗೆ ನಾನು ಹೋಗಲಿಲ್ಲ. ತಿಂಗಳು ತುಂಬಿತು, ಕೆಲಸ ಕಾಯಂ ಆಯಿತು. ಆ ಕೋಟು ಹಾಕಿಕೊಂಡ ಮೇಲೆ ಜನ ನನ್ನನ್ನು ‘ಸಾಹೇಬ್ರ’ ಎಂದು ಕರೆಯತೊಡಗಿದರು. ಅಪ್ಪ ಕೂಡ ‘ಚಾಳೀಸಿನ ಕೆಲಸ’ ಎನ್ನುವುದನ್ನು ಬಿಟ್ಟ.

ಈಗ ಮದುವೆಯಾಗಿದೆ. ಹೆಂಡತಿಯ ಕೈಯ ಎಣ್ಣೆಗಾಯಿ, ಚಹಾದ ಜೊತೆ ಮೆಲ್ಲುವ ಸವಣೂರಿನ ಖಾರ, ಎರಡೂ ಸೇರಿ ನನ್ನ ನಡುವಿನಲ್ಲಿ ಬೀಡುಬಿಟ್ಟಿವೆ. ಉಸಿರು ಒಳಗೆಳೆದು ಗುಂಡಿ ಹಾಕಿಕೊಳ್ಳುತ್ತೇನೆ. ಬೇರೆ ದರ್ಜಿಯ ಕೈಗೆ ಆ ಕೋಟು ಕೊಡಲು ಧೈರ್ಯವಿಲ್ಲ, ಹೊಲಿದವರಿಗೆ ಬೇಸರವಾದರೆ? ಹೋದ ತಿಂಗಳು ಸಂತೆಯಲ್ಲಿ ಖಾಸೀಂಬಿ ಸಿಕ್ಕಳು. ಆ ದಿನ ನಾನು ಮೈಮೇಲೆ ಹಾಕಿಕೊಂಡಿದ್ದುದು ಸಡಿಲವಾದ ಜುಬ್ಬ. ಅವಳು ಹತ್ತಿರ ಬಂದು ದನಿ ತಗ್ಗಿಸಿದಳು.

“ಕೋಟು ನಡುವಿನ್ಯಾಗ ಬಿಗಿ ಆಗೇತಂತಲ್ಲ ತಮ್ಮಾ. ಅವ್ರು ಹೇಳಾಕತ್ತಿದ್ರು. ಒಂದಿನ ಮನೀಗೆ ಬಾ, ಬಿಚ್ಚಿ ಹೊಲಿದು ಕೊಡ್ತಾರ.”

ಬರ್ತೇನಿ ಎಂದೆ. ಅಂದಿನಿಂದ ಒಂದೇ ರೊಟ್ಟಿ ತಿನ್ನುತ್ತೇನೆ. ನಸುಕಿಗೆದ್ದು ಊರ ಹೊರಗೆ ಓಡುತ್ತೇನೆ, ಅವಳ ಓಣಿಯ ವಿರುದ್ಧ ದಿಕ್ಕಿಗೆ. ಗಂಡನಿಗೆ ಕೊನೆಗೂ ಆರೋಗ್ಯದ ಬುದ್ಧಿ ಬಂತೆಂದು ಹೆಂಡತಿ ಎಲ್ಲರ ಮುಂದೆ ಹೊಗಳುತ್ತಾಳೆ. ಹೊಗಳಲಿ. ಗುಂಡಿ ಮಾತ್ರ ಉಸಿರು ಒಳಗೆಳೆಯದೆ ಇನ್ನೂ ಕೂಡುತ್ತಿಲ್ಲ.