ಸಹಾಯಕ ನಿರ್ದೇಶಕರ ಬಲಗೈ ಆಡಿಸಿದವನ ಕುರಿತು

ಸಂಖ್ಯೆ: ಕಸಾ/ಮರೆ/೪೧೭
ವಿಷಯ: ಸಿಬ್ಬಂದಿಯ ಕೈಗಳನ್ನು ಮರೆಯಲ್ಲಿ ಕುಳಿತು ಆಡಿಸುತ್ತಿರುವ ಅನಾಮಿಕ ಸೂತ್ರಧಾರ.
ಉಲ್ಲೇಖ: ಸಾಕೆಟ್ ಮೆಕ್ಯಾನಿಕ್ ಅವರ ಬಾಯಿಮಾತಿನ ದೂರು.

ಸಿಬ್ಬಂದಿಯ ಕತ್ತಿನ ಹಿಂದೆ ಸಾಕೆಟ್ ಕೂರಿಸಿ ಮಿದುಳನ್ನು ಕಚೇರಿಯ ಜಾಲಕ್ಕೆ ಜೋಡಿಸಿದಂದಿನಿಂದ, ಜಾಲದೊಳಗೆ ಅಡಗಿರುವ ಯಾರೋ ಅವರನ್ನು ಬೊಂಬೆಗಳಂತೆ ಕುಣಿಸುತ್ತಿರುವುದು ಸರ್ವವಿದಿತ. ಈ ಸೌಲಭ್ಯದ ದುರುಪಯೋಗವಾಗುತ್ತಿರುವುದರಿಂದ ಕೆಳಕಂಡಂತೆ ಸೂಚಿಸಲಾಗಿದೆ.

೧. ತಡವಾಗಿ ಬಂದದ್ದಕ್ಕೂ ಮೇಜಿನ ಮೇಲೆ ಗೊರಕೆ ಹೊಡೆದದ್ದಕ್ಕೂ ‘ಸೂತ್ರಧಾರ ಮಾಡಿಸಿದ’ ಎನ್ನುವವರು, ಇನ್ನು ಮುಂದೆ ಸದರಿ ಸೂತ್ರಧಾರನ ಪ್ರಮಾಣಪತ್ರವನ್ನು ಮೂರು ಪ್ರತಿಗಳಲ್ಲಿ ಲಗತ್ತಿಸತಕ್ಕದ್ದು.

೨. ಆಗಷ್ಟೇ ಒರೆಸಿದ ನೆಲದ ಮೇಲೆ ಸಹಾಯಕ ನಿರ್ದೇಶಕರು ನಡೆದುಬಂದಾಗ, “ಸ್ವಲ್ಪ ಆ ಕಡೆಯಿಂದ ಹೋಗಿ ಸಾರ್” ಎಂದ ತಪ್ಪಿಗೆ ನೆಲ ಒರೆಸುವ ಮಹಿಳೆ ವಜಾ ಆಗಿರುತ್ತಾರೆ. ಕೇಳಲು ಹೋದ ಅವರ ತಂಗಿಗೆ, ಅಂದರೆ ಉಲ್ಲೇಖಿತ ಮೆಕ್ಯಾನಿಕ್‌ಗೆ, ಸಹಾಯಕ ನಿರ್ದೇಶಕರು ಕಣ್ಣಲ್ಲಿ ನೀರು ತಂದುಕೊಂಡು, “ಕೈ ನಂದೇ ಕಣಮ್ಮ, ಸಹಿ ಅವನದ್ದು” ಎಂದಿರುತ್ತಾರೆ.

೩. ಮೆಕ್ಯಾನಿಕ್ ಕೂಡಲೇ ಸಹಾಯಕ ನಿರ್ದೇಶಕರ ಕಾಲರ್ ಸರಿಸಿ ನೋಡಿರುತ್ತಾರೆ. ಸಾಕೆಟ್ ಮೇಲಿನ ಕಾರ್ಖಾನೆಯ ಪ್ಲಾಸ್ಟಿಕ್ ಹಾಳೆಯನ್ನೂ ಕಿತ್ತಿರಲಿಲ್ಲ. “ಸಾರ್, ನಿಮಗೆ ಕನೆಕ್ಷನ್ನೇ ಕೊಟ್ಟಿಲ್ಲ. ಇಷ್ಟು ವರ್ಷ ಆಡಿದ್ದು ನಿಮ್ಮದೇ ಕೈ.” ಹನ್ನೊಂದು ಜನರೆದುರು ಹೀಗೆಂದದ್ದು ಅಶಿಸ್ತು. ಅಕ್ಕನ ಸಂಕಟ ನೋಡಲಾರದೆ ಅಂದದ್ದೆಂಬುದನ್ನು ರಿಯಾಯಿತಿಯಾಗಿ ಪರಿಗಣಿಸಲಾಗಿದೆ. ನಕ್ಕವರು ವಿವರಣೆ ನೀಡತಕ್ಕದ್ದು.

೪. ಅಂದೇ ಲಿಫ್ಟಿನ ಧ್ವನಿವರ್ಧಕದಲ್ಲಿ ಸೂತ್ರಧಾರನು, “ಅದು ನಾನಲ್ಲ. ಮಂತ್ರಿಗಳನ್ನೇ ಕುಣಿಸೋನು ನಾನು. ನೆಲ ಒರೆಸೋರ ಅನ್ನಕ್ಕೆ ಕಲ್ಲು ಹಾಕೋಕೆ ನಂಗೇನು ಬೇರೆ ಕೆಲಸ ಇಲ್ವಾ?” ಎಂದಿರುತ್ತಾನೆ. ಮಹಡಿ ಸಂಖ್ಯೆಯ ಹೊರತು ಬೇರೆ ಹೇಳಿಕೆಗೆ ಲಿಫ್ಟನ್ನು ಬಳಸುವುದು ನಿಷಿದ್ಧ.

೫. ಮಾನ ಉಳಿಸಿಕೊಳ್ಳಲು ಸಹಾಯಕ ನಿರ್ದೇಶಕರು, “ಹಾಗಾದ್ರೆ ಈಗ ಕೊಡು ಕನೆಕ್ಷನ್, ನೋಡೇಬಿಡೋಣ” ಎಂದು ಪಟ್ಟು ಹಿಡಿದಿರುತ್ತಾರೆ. ಮೆಕ್ಯಾನಿಕ್ ಕೊಟ್ಟಿರುತ್ತಾರೆ. ಎರಡನೇ ನಿಮಿಷಕ್ಕೆ ಸಹಾಯಕ ನಿರ್ದೇಶಕರ ಬಲಗೈ ತಾನಾಗಿ ಪೆನ್ನೆತ್ತಿ, ಎಡಗೈ ಹಿಡಿದೆಳೆಯುತ್ತಿದ್ದರೂ ಬಿಡದೆ, ವಜಾ ಆದೇಶವನ್ನು ರದ್ದುಪಡಿಸಿ, ಕೆಳಗೆ ದುಂಡಗಿನ ಅಕ್ಷರದಲ್ಲಿ ಕ್ಷಮೆಯನ್ನೂ ಕೋರಿರುತ್ತದೆ. ಅಕ್ಕ ಮರುದಿನವೇ ಕೆಲಸಕ್ಕೆ ಹಾಜರಾಗಿರುತ್ತಾರೆ.

೬. ಇಲಾಖೆಯು ತನ್ನ ತಪ್ಪನ್ನು ತಾನೇ ತಿದ್ದಿಕೊಂಡ ಮೊಟ್ಟಮೊದಲ ಆದೇಶ ಇದಾಗಿರುವುದರಿಂದ, ಇದು ದುಷ್ಟಶಕ್ತಿಯ ಕೈವಾಡವೆಂಬುದರಲ್ಲಿ ಸಂಶಯವಿಲ್ಲ. ಮಿಕ್ಕೆಲ್ಲ ಆದೇಶಗಳೂ ಅಧಿಕಾರಿಗಳ ಸ್ವಂತ ಕೈಯಿಂದಲೇ ಹೊರಬಿದ್ದವೆಂದು ಹೆಮ್ಮೆಯಿಂದ ದೃಢೀಕರಿಸಲಾಗಿದೆ.

ಸಹಿ/-
ಸಹಾಯಕ ನಿರ್ದೇಶಕರು
(ಬಲಗೈ ಅಮಾನತಿನಲ್ಲಿರುವುದರಿಂದ ಎಡಗೈ ಸಹಿ)

ಪ್ರತಿಗಳು:
ಎಲ್ಲ ಶಾಖಾ ಮುಖ್ಯಸ್ಥರಿಗೆ, ಎರಡೂ ಕೈಗಳಿಗೆ ಪ್ರತ್ಯೇಕವಾಗಿ.
ಸೂತ್ರಧಾರನಿಗೆ, ವಿಳಾಸ ಪತ್ತೆಯಾದ ನಂತರ.
ಸಾಕೆಟ್ ಮೆಕ್ಯಾನಿಕ್‌ಗೆ, ಮೇಲಧಿಕಾರಿಗಳಲ್ಲಿ ಇನ್ನಾರಿಗೂ ಕನೆಕ್ಷನ್ ಕೊಡಕೂಡದೆಂಬ ಕಟ್ಟುನಿಟ್ಟಿನ ಸೂಚನೆಯೊಂದಿಗೆ.