ಮೀನು ಮಂಕಾದ ಪ್ರಸಂಗ

ಸಂಶೋಧನೆ ಮಾಡುವವನ ಮನೆಯಲ್ಲಿ ಒಳ್ಳೆಯವರು ಇರಬಾರದು. ಕೆಟ್ಟವರಿದ್ದರೆ ಚಿಂತೆಯಿಲ್ಲ, ಅವರು ನಮ್ಮ ತಂಟೆಗೇ ಬರುವುದಿಲ್ಲ. ರಾಮನಗರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುತ್ತ, ಪಿಎಚ್.ಡಿ. ಮುಗಿಸಲಾಗದೆ ವರ್ಷಗಳಿಂದ ಒದ್ದಾಡುತ್ತಿರುವ ನಾನು ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಕೊಳಕು ನೀರಿನಲ್ಲಿ ಮೀನು ಹೇಗೆ ಈಜುತ್ತದೆ ಎಂಬುದು ನನ್ನ ವಿಷಯ. ಕಾಲೇಜಿನ ಪ್ರಯೋಗಾಲಯ ಸೋರುತ್ತದೆಂದು ಎರಡು ಗಾಜಿನ ತೊಟ್ಟಿಗಳನ್ನು ನಡುಮನೆಗೇ ತಂದಿಟ್ಟಿದ್ದೆ. ಒಂದರಲ್ಲಿ ಒಳ್ಳೆಯ ನೀರು, ಇನ್ನೊಂದರಲ್ಲಿ ರೇಷ್ಮೆಗೂಡು ಬೇಯಿಸಿ ಚೆಲ್ಲುವ ನೀರನ್ನು ಒಂದಿಷ್ಟು ಬೆರೆಸಿದ್ದು. ಗಾಜಿನ ಮೇಲೆ ಗೆರೆ ಎಳೆದು, ಮೀನು ನಿಮಿಷಕ್ಕೆ ಎಷ್ಟು ಗೆರೆ ದಾಟುತ್ತದೆಂದು ಎಣಿಸುವುದು ನನ್ನ ಕೆಲಸ. ಹೆಂಡತಿ ಇದನ್ನು ಕೆಲಸವೆಂದು ಒಪ್ಪಿಲ್ಲ. "ಗ್ಯಾಸ್ ಮುಗೀತು ಅಂದಿದ್ದು ಕೇಳಿಸಲ್ಲ, ಮೀನು ಬಾಲ ಅಲ್ಲಾಡಿಸಿದ್ದು ಮಾತ್ರ ಕಾಣಿಸ್ತದೆ" ಎನ್ನುತ್ತಾಳೆ.

ಅಷ್ಟರಲ್ಲಿ ಕೈಲಾಂಚದ ಕಡೆಯಿಂದ ಅತ್ತೆ ಬಂದರು. ರೇಷ್ಮೆಹುಳು ಸಾಕಿಯೇ ಮಗಳನ್ನು ಓದಿಸಿದವರು. "ಅತ್ತೆ, ಆ ಕೊಳಕು ನೀರಿನ ತೊಟ್ಟಿ ಮಾತ್ರ ಮುಟ್ಟಬೇಡಿ" ಎಂದು ಕೈಮುಗಿದೆ. ಪುಣ್ಯಾತ್ಮರು ಮುಟ್ಟಲಿಲ್ಲ.

ನನ್ನ ಗೈಡ್ ಪರೀಕ್ಷಿಸಲು ಬರುವ ದಿನ ಬಂತು. ಅವರು ಒಪ್ಪಿದರೆ ಪ್ರಬಂಧ ಬರೆಯಲು ಅಪ್ಪಣೆ, ಇಲ್ಲವಾದರೆ ಮತ್ತೆ ಮೊದಲಿನಿಂದ. ಬೆಳಿಗ್ಗೆ ನೋಡುತ್ತೇನೆ, ಕೊಳಕು ನೀರಿನ ಮೀನುಗಳು ತೆವಳುತ್ತಲಾದರೂ ಗೆರೆ ದಾಟುತ್ತಿವೆ. ಒಳ್ಳೆಯ ನೀರಿನವು ಒಂದು ಗೆರೆಯನ್ನೂ ದಾಟದೆ ಮೂಲೆಗೆ ಒರಗಿವೆ! ತಿಂಡಿ ಬಿಟ್ಟು ಮತ್ತೆ ಮತ್ತೆ ಗೆರೆ ಎಣಿಸಿದೆ.

ಗೈಡ್ ಬಂದವರೇ, "ಯಾವುದ್ರೀ ಒಳ್ಳೆ ನೀರು?" ಎಂದರು. ನನಗಿಂತ ಮೊದಲೇ ಅತ್ತೆ ತೋರಿಸಿದರು.

"ಇದು ಸ್ವಾಮಿ. ನಾನೇ ದಿನಾ ಒಸಿ ಸುಣ್ಣದ ಪುಡಿ ಉದುರುಸ್ತಿದ್ದೆ. ಹುಳ ಸಾಕೋ ಮನೇಲಿ ಸುಣ್ಣ ಹಾಕ್ದಿದ್ರೆ ರೋಗ ಬಂದ್ಬುಡ್ತದೆ. ಆ ಕೊಳಕು ನೀರು ಮುಟ್ಬ್ಯಾಡಿ ಅಂದವ್ರೆ ಅಳಿಯಂದ್ರು. ಇದ್ನಾದ್ರೂ ಕಾಪಾಡಾನ ಅಂತ."

"ಮತ್ತೆ ಮೊದಲಿಂದ ಶುರು ಮಾಡಿ" ಎಂದರು ಗೈಡ್. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ಆದರೆ ಅತ್ತೆಯ ಮುಖದಲ್ಲಿದ್ದ ಅಕ್ಕರೆ ನೋಡಿ ಎರಡನ್ನೂ ನುಂಗಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತುಬಿಟ್ಟೆ. ಹೆಂಡತಿ ತಂದ ಉಪ್ಪಿಟ್ಟನ್ನು ಮುಟ್ಟಲಿಲ್ಲ.

ಅತ್ತೆ ಇನ್ನೂ ಮೀನುಗಳ ಪರವಾಗಿಯೇ ವಾದಿಸುತ್ತಿದ್ದರು. "ಹೆದ್ರುಕೋಬ್ಯಾಡಿ ಸ್ವಾಮಿ. ನಮ್ ಹುಳನೂ ಹಿಂಗೇಯ. ಮೇವು ಬುಟ್ಟು, ಓಡಾಟ ನಿಲ್ಸಿ ಮಂಕಾಯ್ತು ಅಂದ್ರೆ ಹಣ್ಣಾಗೈತೆ ಅಂತ. ಇನ್ನೇನು ಗೂಡು ಕಟ್ತದೆ."

ಗೈಡ್ ಮೀನಿನ ಕಡೆ ತಿರುಗಲಿಲ್ಲ. ಕುರ್ಚಿಯಲ್ಲಿದ್ದ ನನ್ನನ್ನೂ ಆರಿಹೋದ ಉಪ್ಪಿಟ್ಟನ್ನೂ ನೋಡಿ ನಿಟ್ಟುಸಿರಿಟ್ಟರು.

"ಇವರು ಹಣ್ಣಾಗಿ ಎಷ್ಟೋ ವರ್ಷ ಆಯ್ತು ತಾಯಿ. ಗೂಡೇ ಕಟ್ಟಲಿಲ್ಲ."