ಹಿಂದಕ್ಕ ಹೋಗೋ ಸೀರಿಯಲ್ಲೂ ನನ್ನ ರಿಟೈರ್ಮೆಂಟೂ

ಸಿಂಧನೂರು, ಮಸ್ಕಿ, ಲಿಂಗಸುಗೂರು ರೂಟಿನ್ಯಾಗ ಕಂಡಕ್ಟರ್ ಆದವ ನಗಾಕಂತ ಬ್ಯಾರೆ ಕಡೆ ಹೋಗೋದು ಬೇಕಿಲ್ಲ, ನಗಿ ತಾನೇ ಟಿಕೆಟ್ ತೊಗೊಂಡು ಬಸ್ ಹತ್ತಿ ಬರ್ತೈತಿ. ಅದರಾಗೂ ಈ ವರ್ಷ ಟೀವಿಯಾಗ ಒಂದು ಸೀರಿಯಲ್ಲಿನ ಎರಡನೇ ಸೀಸನ್ ಶುರುವಾತು ನೋಡ್ರಿ, ಮಂದಿ ತಲಿ ಪೂರಾ ಕೆಟ್ಟು ಹೋತು. ಅದರಾಗ ಒಬ್ಬ ಮನುಷ್ಯ ಹಳೇ ಲಿಫ್ಟ್ ಹತ್ತಿ ಹಿಂದಿನ ಕಾಲಕ್ಕ ಹೋಗ್ತಾನ, ವಾರಕ್ಕೊಬ್ಬರ ಹಳೇ ತಪ್ಪು ತಿದ್ದಿ, ಅವರ ಬಾಳೇ ಬದಲ್ ಮಾಡಿ ಬರ್ತಾನ.

೧. ಅರ್ಧ ಕಿಲೋಮೀಟರ್

ಒಂದಿನ ಇಬ್ಬರು ಹೆಣ್ಮಕ್ಕಳು ಅದೇ ಸೀರಿಯಲ್ ಕತಿ ಹೇಳಕೋತ ಕುಂತಿದ್ರು. ನಾ "ಮಸ್ಕಿ, ಮಸ್ಕಿ" ಅಂತ ಗಂಟಲ ಹರಕೊಂಡೆ. ಯಾರೂ ಏಳಲಿಲ್ಲ. ಬಸ್ ಊರು ದಾಟಿದ ಮ್ಯಾಲ ಒಬ್ಬಾಕಿ ದಡಕ್ಕನ ಎದ್ದು, "ಅಯ್ಯ, ನಮ್ಮ ಮಸ್ಕಿ ಹೋತಲ್ರೀ! ಹಿಂದಕ್ಕ ಹೊಳ್ಳಸ್ರಿ!" ಅಂದ್ಲು.

"ಬಸ್ ಹಿಂದಕ್ಕ ಹೋಗಂಗಿಲ್ಲಬೇ," ಅಂದೆ.

ಆಕಿ ಸೊಂಟದ ಮ್ಯಾಲ ಕೈ ಇಟ್ಟು, "ಅಲ್ಲಿ ಮೂವತ್ತು ವರ್ಷ ಹಿಂದಕ್ಕ ಹೋಗ್ತಾರ, ನಿಮ್ಮ ಕೈಲೆ ಅರ್ಧ ಕಿಲೋಮೀಟರ್ ಆಗಂಗಿಲ್ಲೇನು?" ಅಂದ್ಲು.

೨. ಎರಡು ಸೆಕೆಂಡ್

ಮನ್ಯಾಗೂ ಅದೇ ಗೋಳು. ಒಂದು ಸಂಜಿ ಸೀರಿಯಲ್ ನಡುವ ನನ್ನ ಹೆಂಡತಿ, "ನೀವು ಹಿಂದಕ್ಕ ಹೋದ್ರ ಏನ್ ಬದಲ್ ಮಾಡ್ತೀರಿ?" ಅಂತ ಕೇಳಿದ್ಲು. ನಾ ಎರಡು ಸೆಕೆಂಡ್ ವಿಚಾರ ಮಾಡಿದೆ. ಅದೇ ತಪ್ಪಾತು.

"ಯಾಕ ಸುಮ್ಮನಾದ್ರಿ? ನಮ್ಮ ಮದುವಿ ನೆನಪಾತೇನು?"

"ಏ ಇಲ್ಲ ಮಾರಾಯ್ತಿ! ನನ್ನ ಹುಟ್ಟಿದ ತಾರೀಖು!"

ಹೆದರಿ ಅಂದಿದ್ದೆ, ಆದ್ರ ಸುಳ್ಳಲ್ಲ. ನಮ್ಮ ಕಾಲಕ್ಕ ಸಾಲಿಗೆ ಸೇರಬೇಕಂದ್ರ ತಲಿ ಮ್ಯಾಲಿಂದ ಕೈ ಹಾಕಿ ಆ ಕಡೆ ಕಿವಿ ಮುಟ್ಟಬೇಕಿತ್ತು. ಮುಟ್ಟಿದ್ರ ಹೆಡ್ ಮಾಸ್ತರು ತಮಗ ತಿಳಿದ ವರ್ಷ ಹಾಕಿ, ಜೂನ್ ಒಂದು ಅಂತ ಬರಕೊಂಡು ಬಿಡ್ತಿದ್ರು. ನಮ್ಮ ಡಿಪೋದಾಗ ಅರ್ಧ ಮಂದಿ ಜೂನ್ ಒಂದಕ್ಕೇ ಹುಟ್ಟ್ಯಾರ. ನನ್ನ ವಯಸ್ಸು ಹೆಚ್ಚು ಬರದಾರಂತ ನಮ್ಮವ್ವ ಅಂತಿದ್ಲು, ಎಷ್ಟು ಅಂತ ಆಕಿಗೂ ಗೊತ್ತಿರಲಿಲ್ಲ. ಆ ಕಾಗದದ ಪ್ರಕಾರ ಈ ಮೇ ಕೊನಿಗೆ ನಾ ರಿಟೈರ್. ಇಷ್ಟು ವರ್ಷ ಬಸ್ಸಿನ್ಯಾಗ ನಿಂತೇ ಬಾಳೇವು ಮಾಡಿದವ, ಮನ್ಯಾಗ ಕುಂತು ಏನ್ ಮಾಡ್ಲಿ? ನೆನಸಿಕೊಂಡ್ರ ಜೀವ ಚಡಪಡಿಸ್ತಿತ್ತು.

ಹೆಂಡತಿ ಟೀವಿ ಬಂದ್ ಮಾಡಿದ್ಲು. "ಆ ಮಾಸ್ತರು ಇನ್ನಾ ಅದಾರಲ್ಲ ತುರ್ವಿಹಾಳದಾಗ? ನಾಳೆ ಹೋಗಿ ತಿದ್ದಿಸಿಕೊಂಡೇ ಬರೂಣು. ಲಿಫ್ಟ್ ಯಾಕ ಬೇಕು, ಸಿಂಧನೂರಿಂದ ಬಸ್ ಅದಾವು!"

೩. ಮಾಸ್ತರ ಪೆನ್ನು

ಮಾಸ್ತರಿಗೆ ಎಂಬತ್ತು ದಾಟೈತಿ, ನೆನಪು ಮಾತ್ರ ಚೂರೂ ಸವದಿಲ್ಲ. ಚಾ ಕೊಟ್ಟು, ನನ್ನ ಮಾತು ಕೇಳಿ ನಕ್ಕರು. "ನಿನ್ನ ಕೈ ಕಿವಿ ಮುಟ್ಟೇ ಇಲ್ಲಲೇ! ನಿಮ್ಮವ್ವ, 'ಇವ ಮನ್ಯಾಗ ಒಂದು ಗಳಿಗಿ ಕುಂದ್ರಂಗಿಲ್ಲ, ಸಾಲ್ಯಾಗ ಕೂಡ್ರಿಸಿಕೊಳ್ರಿ' ಅಂತ ಗಂಟು ಬಿದ್ಲು. ನಾನೇ ಕೈ ಜಗ್ಗಿ ಮುಟ್ಟಿಸಿದೆ."

"ಖರೇ ಅಂದ್ರ ಎಷ್ಟು ಹೆಚ್ಚು ಬರದೀರಿ ಸರ್?"

"ಪೂರಾ ಎರಡು ವರ್ಷ. ನೀ ಹುಟ್ಟಿದ ವರ್ಷವೇ ನಾ ನಿಮ್ಮೂರ ಸಾಲಿಗೆ ಬಂದೀನಿ, ಛಲೋ ನೆನಪೈತಿ. ತಪ್ಪು ನಂದು. ಬರದು ಸಹಿ ಮಾಡಿ ಕೊಡ್ತೀನಿ, ಆಫೀಸಿನ್ಯಾಗ ತೋರಿಸು," ಅಂತ ಪೆನ್ನು ತೆಗದ್ರು.

ನನಗ ಕಣ್ಣಾಗ ನೀರೇ ಬಂತು. ಇನ್ನೂ ಎರಡು ವರ್ಷ ಸೀಟಿ ಊದಬಹುದು! ಹೊಳ್ಳಿ ನೋಡಿದ್ರ ಹೆಂಡತಿ ಬೆರಳು ಮಡಚಿ ಏನೋ ಎಣಿಸಾಕತ್ತಾಳ. ಎಣಿಸಿದ್ಲು, ಮತ್ತ ಎಣಿಸಿದ್ಲು. ಆಮ್ಯಾಲ ಮಾಸ್ತರ ಕೈಯಾಗಿನ ಪೆನ್ನು ಕಸಕೊಂಡು ಮುಚ್ಚಿ, "ಚಾ ಛಲೋ ಆಗಿತ್ರಿ, ಬರ್ತೀವಿ," ಅಂತ ನನ್ನ ಎಳಕೊಂಡು ಹೊಂಟ್ಲು.

ಬಸ್ ಹತ್ತಿದ ಮ್ಯಾಲ ನನಗ ತಡಿಲಿಲ್ಲ. "ಹುಚ್ಚು ಹಿಡದೈತೇನು ನಿನಗ?"

"ಸಣ್ಣಗ ಮಾತಾಡ್ರಿ! ನಾ ಹುಟ್ಟಿದ್ದು ನಮ್ಮಪ್ಪ ಗ್ವಾಡಿ ಮ್ಯಾಲ ಬರದಿಟ್ಟಾನ, ಅದು ತಪ್ಪಂಗಿಲ್ಲ. ನಿಮ್ಮ ಸಾಲಿ ಕಾಗದ ನೋಡಿ, ನಿಮಗಿಂತ ಒಂದು ವರ್ಷ ಸಣ್ಣಾಕಿ ಅಂತ ನನ್ನ ಕೊಟ್ಟಾರ. ಈಗ ನಿಮ್ಮ ಎರಡು ವರ್ಷ ಕಳದ್ರ ನಾನೇ ವರ್ಷ ದೊಡ್ಡಾಕಿ! ನಾಳಿಂದ ನಾ ನಿಮಗ 'ಲೇ' ಅಂತೀನಿ, ನೀವು ನನಗ 'ರೀ' ಅನ್ರಿ. ನಡೀತೈತೇನು?"

ತುರ್ವಿಹಾಳದಿಂದ ಸಿಂಧನೂರು ತನಕ ವಿಚಾರ ಮಾಡಿದೆ. ಬಸ್ ಇಳಿಯೋ ಹೊತ್ತಿಗೆ ರಿಟೈರ್ ಆಗೋದೇ ಛಲೋ ಅನಿಸ್ತು.